ಫೋನ್ ಬದಲಾಯಿತು, ಕ್ಯಾಲೆಂಡರ್ ಬರಲಿಲ್ಲ: ನಾಲ್ಕು ಕಡೆ ಒಂದೇ ದಿನಚರಿ ತಂದ ಕಥೆ

ಹೊಸ ಫೋನಿಗೆ ಕಾಂಟ್ಯಾಕ್ಟ್‌ಗಳು ಬಂದವು, ಫೋಟೊಗಳು ಬಂದವು, ವಾಟ್ಸಾಪ್ ಕೂಡ ಹಾಗೇ ಬಂತು. ಕ್ಯಾಲೆಂಡರ್ ಮಾತ್ರ ಬರಲಿಲ್ಲ. ತೆರೆದು ನೋಡಿದರೆ ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಎಲ್ಲ ಉಂಟು. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನ ಇಲ್ಲ. ಸ್ಕೂಟರಿನ ಇನ್ಶೂರೆನ್ಸ್ ಮುಗಿಯುವ ದಿನ ಇಲ್ಲ. ಮದ್ದಳೆಗೆ ಬರುತ್ತೇನೆ ಎಂದು ಒಪ್ಪಿಕೊಂಡ ತಾಳಮದ್ದಳೆಗಳು ಒಂದೂ ಇಲ್ಲ.

ಅದನ್ನೆಲ್ಲ ವಾಪಸ್ ತಂದು, ನನ್ನ ಫೋನ್, ಹೆಂಡತಿಯ ಐಫೋನ್, ಮನೆಯ ಲ್ಯಾಪ್‌ಟಾಪ್, ಆಫೀಸಿನ ಕಂಪ್ಯೂಟರ್ ನಾಲ್ಕರಲ್ಲೂ ಒಂದೇ ಥರ ಕಾಣುವ ಹಾಗೆ ಮಾಡುವಷ್ಟರಲ್ಲಿ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಮುಗಿಯುತ್ತ ಬಂದಿತ್ತು. ಈ ನಡುವೆ ಸಿಕ್ಕಿದ ಸಲಹೆಗಳಲ್ಲಿ ಕೆಲವು ಹಳೆಯವು, ಕೆಲವು ನನ್ನ ಫೋನಿಗೆ ಹೊಂದದವು, ಒಂದಂತೂ ಅಪಾಯದ್ದು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಸ್ವಲ್ಪ ತಲೆನೋವು ಕಡಿಮೆಯಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ಮನೆ ಉಡುಪಿ. ಕೆಲಸ ಮಂಗಳೂರಿನಲ್ಲಿ, ಹಂಪನಕಟ್ಟೆಯ ಹತ್ತಿರ ಒಂದು ಟ್ಯಾಕ್ಸ್ ಆಫೀಸ್. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಟ. ನಮ್ಮ ಕೆಲಸ ನಡೆಯುವುದೇ ತಾರೀಕಿನ ಮೇಲೆ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು. ಇದರ ಜೊತೆಗೆ ಮನೆಯ ತಾರೀಕುಗಳು, ರಾತ್ರಿಯ ತಾಳಮದ್ದಳೆಗಳು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲವಲ್ಲ, ತಾಳಮದ್ದಳೆ ಜಾಸ್ತಿ. ರಿಟರ್ನ್ಸ್ ತುಂಬುವ ಗಡಿಬಿಡಿಯೂ ಅದೇ ಹೊತ್ತಿಗೆ. ಕ್ಯಾಲೆಂಡರ್ ಕೈಕೊಡುವುದಕ್ಕೆ ಇದಕ್ಕಿಂತ ಕೆಟ್ಟ ಸಮಯ ಬೇರೆ ಇರಲಿಲ್ಲ.

ಹಳೆ ಫೋನಿಗೆ ಆದದ್ದು ಇಷ್ಟು. ಮಳೆಗೆ ನೆನೆದು ಟಚ್ ಹೋಯಿತು. ಡಿಸ್‌ಪ್ಲೇ ಕಾಣುತ್ತದೆ, ಬೆರಳಿಟ್ಟರೆ ಏನೂ ಆಗುವುದಿಲ್ಲ. ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಡಿಸ್‌ಪ್ಲೇ ಬದಲಿಸಲು ನಾಲ್ಕೂವರೆ ಸಾವಿರ ಹೇಳಿದರು. ಐದು ವರ್ಷದ ಫೋನಿಗೆ ಅಷ್ಟು ಹಾಕುವುದು ಬೇಡ ಎನಿಸಿ ಹೊಸದು ತೆಗೆದುಕೊಂಡೆ. ಅಂಗಡಿಯ ಹುಡುಗ ಹಳೆ ಫೋನಿಗೆ ಒಂದು ಒಟಿಜಿ ಕೇಬಲ್ ಸಿಕ್ಕಿಸಿ, ಅದಕ್ಕೆ ಕಂಪ್ಯೂಟರಿನ ಮೌಸ್ ಹಾಕಿದ. ಪರದೆಯ ಮೇಲೆ ಬಾಣದ ಗುರುತು ಬಂತು! ಕ್ಲಿಕ್ ಮಾಡಿ ಮಾಡಿ ಎಲ್ಲವನ್ನೂ ಹೊಸ ಫೋನಿಗೆ ದಾಟಿಸಿದ. ಟಚ್ ಹೋಗಿ ಡಿಸ್‌ಪ್ಲೇ ಉಳಿದಿದ್ದರೆ ನೀವೂ ಹೀಗೆ ಮಾಡಬಹುದು. ಕೇಬಲಿಗೆ ನೂರು ನೂರೈವತ್ತು ರೂಪಾಯಿ, ಮೌಸ್ ಮನೆಯಲ್ಲೇ ಇರುತ್ತದೆ.

ಮನೆಗೆ ಬಂದು ಕ್ಯಾಲೆಂಡರ್ ಖಾಲಿ ಇರುವುದು ನೋಡಿ ಮರುದಿನ ಅಂಗಡಿಗೆ ಹೋದೆ. “ಸರ್, ಕಾದು ನೋಡಿ, ಸಿಂಕ್ ಆಗ್ಲಿಕ್ಕೆ ಟೈಮ್ ಬೇಕು” ಎಂದ. ಕಾದೆ. ಏನೂ ಬರಲಿಲ್ಲ. ಮತ್ತೆ ಕೇಳಿದಾಗ ಬಂದದ್ದೇ ಆ ಅಪಾಯದ ಸಲಹೆ: “ಹಳೆ ಫೋನಲ್ಲಿ ‘ಕ್ಯಾಲೆಂಡರ್ ಸ್ಟೋರೇಜ್’ ಅಂತ ಉಂಟು ಸರ್, ಅದರ ಡೇಟಾ ಕ್ಲಿಯರ್ ಮಾಡಿ. ಎಲ್ಲ ಫ್ರೆಶ್ಶಾಗಿ ಬರ್ತದೆ.” ಇದು ಎಲ್ಲ ಕಡೆ ಸಿಗುವ ಸಲಹೆ. ಪೂರ್ತಿ ಸುಳ್ಳೂ ಅಲ್ಲ. ನಿಮ್ಮ ನಮೂದುಗಳು ಗೂಗಲ್ ಖಾತೆಯಲ್ಲಿ ಇದ್ದರೆ ಫೋನಿನ ಪ್ರತಿ ಅಳಿಸಿದರೂ ಸರ್ವರಿನಿಂದ ಮತ್ತೆ ಇಳಿದು ಬರುತ್ತವೆ. ಆದರೆ ಅವು ಫೋನಿನೊಳಗೆ ಮಾತ್ರ ಇದ್ದರೆ? ಅಳಿಸಿದ ಮೇಲೆ ಕಥೆ ಮುಗಿಯಿತು. ಎಲ್ಲಿಂದಲೂ ಬರುವುದಿಲ್ಲ. ಅದನ್ನು ಒತ್ತುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆಯಿರಿ. ಫೋನಿನಲ್ಲಿರುವ ಯಾವುದಾದರೂ ಒಂದು ನಮೂದು ಅಲ್ಲಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಹಳೆ ಫೋನೇ ನಿಮ್ಮ ಒಂದೇ ಒಂದು ಪ್ರತಿ.

ನನ್ನದು ಹಾಗೇ ಆಗಿತ್ತು. ಆ ಫೋನಿನ ಕಂಪನಿ ತನ್ನದೇ ಕ್ಯಾಲೆಂಡರ್ ಆ್ಯಪ್ ಕೊಟ್ಟಿತ್ತು. ಹೊಸ ನಮೂದು ಮಾಡುವಾಗ ಅದು ಸುಮ್ನೆ ‘ಮೈ ಕ್ಯಾಲೆಂಡರ್’ ಎನ್ನುವುದಕ್ಕೆ ಹಾಕುತ್ತಿತ್ತು. ಕೇಳಲು ಚಂದ, ಅರ್ಥ ‘ಈ ಫೋನಿನೊಳಗೆ’ ಎಂದು. ಪಕ್ಕದಲ್ಲಿ ಸಣ್ಣ ಬಾಣ ಒತ್ತಿದರೆ ನಮ್ಮ ಜಿಮೇಲ್ ವಿಳಾಸವೂ ಕಾಣುತ್ತದೆ. ಯಾರು ಒತ್ತುತ್ತಾರೆ?

ಇಡೀ ತಲೆನೋವಿನ ಮೂಲ ಅಲ್ಲೇ ಉಂಟು. ನಾವು ಯಾವ ಆ್ಯಪ್ ಒಳ್ಳೆಯದು ಎಂದು ಹುಡುಕುತ್ತೇವೆ. ಆ್ಯಪ್ ಬರೀ ತೋರಿಸುವುದು ಮಾತ್ರ. ನಮೂದು ಯಾವ ಖಾತೆಯಲ್ಲಿ ಕುಳಿತಿದೆ ಎನ್ನುವುದೇ ಮುಖ್ಯ. ನಮ್ಮ ಕಡೆ ಕುಟುಂಬದವರು ಮುಂಬೈಯಲ್ಲಿರಲಿ, ದುಬೈಯಲ್ಲಿರಲಿ, ತರವಾಡು ಮನೆ (ಕುಟುಂಬದ ಮೂಲ ಮನೆ) ಒಂದೇ ಅಲ್ವಾ? ಕ್ಯಾಲೆಂಡರಿಗೂ ಅಂಥ ಒಂದು ಮನೆ ಬೇಕು. ಉಳಿದ ಫೋನು, ಲ್ಯಾಪ್‌ಟಾಪು ಎಲ್ಲ ಅಲ್ಲಿಗೆ ಬಂದು ನೋಡಿಕೊಂಡು, ಬರೆದು ಹೋಗಬೇಕು. ನಮ್ಮ ಮನೆಯಲ್ಲಿ ನನ್ನದು ಫೋನಿನೊಳಗೆ, ಹೆಂಡತಿಯದು ಐಕ್ಲೌಡಿನಲ್ಲಿ, ಆಫೀಸಿನದು ಔಟ್‌ಲುಕ್‌ನಲ್ಲಿ, ಲ್ಯಾಪ್‌ಟಾಪಿನದು ಇನ್ನೆಲ್ಲೋ ಇತ್ತು. ಇವನ್ನು ಒಂದಕ್ಕೊಂದು ಸಿಂಕ್ ಮಾಡುವುದು ಹೇಗೆ ಎಂದು ಯೋಚಿಸುತ್ತ ನಾನು ಮೊದಲ ವಾರ ಪೂರ್ತಿ ಕಳೆದೆ. ಅದು ಆಗುವ ಕೆಲಸ ಅಲ್ಲ. ಒಂದನ್ನು ಆರಿಸಿ, ಉಳಿದ ಕಡೆಯದ್ದನ್ನೆಲ್ಲ ಅಲ್ಲಿಗೆ ತರಬೇಕು.

ಯಾವುದನ್ನು ಆರಿಸುವುದು? ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಗೆಳೆಯನೊಬ್ಬ ಮನೆಯಲ್ಲೇ ಸಣ್ಣ ಕಂಪ್ಯೂಟರಿನಲ್ಲಿ ನೆಕ್ಸ್ಟ್‌ಕ್ಲೌಡ್ ಎಂಬ, ನಮ್ಮದೇ ಸರ್ವರ್ ನಡೆಸುವ ಸಾಫ್ಟ್‌ವೇರ್ ಹಾಕಿಕೊಂಡಿದ್ದಾನೆ. ನಮ್ಮ ವಿವರ ಗೂಗಲ್ ಕೈಗೆ ಯಾಕೆ ಕೊಡಬೇಕು ಎಂಬುದು ಅವನ ವಾದ. ವಾದ ಸರಿಯೇ. ಕ್ಯಾಲೆಂಡರುಗಳು ಪರಸ್ಪರ ಮಾತಾಡಲು ಕ್ಯಾಲ್‌ಡ್ಯಾವ್ ಎಂಬ ಪದ್ಧತಿ ಉಂಟು, 2007ರಿಂದ ಇದೆ, ಯಾರ ಸ್ವತ್ತೂ ಅಲ್ಲ. ನೆಕ್ಸ್ಟ್‌ಕ್ಲೌಡ್ ಅದನ್ನೇ ಬಳಸುತ್ತದೆ. ಐಫೋನಿಗೆ ಅದು ನೇರವಾಗಿ ಅರ್ಥವಾಗುತ್ತದೆ. ಆಂಡ್ರಾಯ್ಡಿಗೆ ಅರ್ಥವಾಗುವುದಿಲ್ಲ, ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ಪ್ಲೇ ಸ್ಟೋರಿನಲ್ಲಿ ಅದಕ್ಕೆ ದುಡ್ಡು, ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪ್‌ಗಳ ಅಂಗಡಿಯಲ್ಲಿ ದುಡ್ಡಿಲ್ಲ. ನನಗೆ ಆಸೆಯಾಯಿತು. ಆದರೆ ಮೇ ತಿಂಗಳ ಗುಡುಗಿಗೆ ಇದೇ ಗೆಳೆಯನ ಮೋಡೆಮ್ ಸುಟ್ಟು ಹೋಗಿ, ಹೊಸದು ಬರುವವರೆಗೆ ಅವನ ಕ್ಯಾಲೆಂಡರ್ ಮನೆಯಿಂದ ಹೊರಗೆ ಸಿಗುತ್ತಿರಲಿಲ್ಲ. ನಮ್ಮ ಊರಿನ ಸಿಡಿಲು, ಕರೆಂಟು ಎರಡನ್ನೂ ನೆನೆದು ಗೂಗಲ್ಲೇ ಸಾಕು ಎಂದೆ. ನಿಮಗೆ ಪುರುಸೊತ್ತು, ಆಸಕ್ತಿ ಎರಡೂ ಇದ್ದರೆ ಅವನ ದಾರಿ ಒಳ್ಳೆಯದು.

ಈಗ ಹಳೆ ಫೋನಿನಿಂದ ತೆಗೆಯುವ ಕೆಲಸ. ಕಂಪನಿಯ ಆ್ಯಪಿನಲ್ಲಿ ಎಕ್ಸ್‌ಪೋರ್ಟ್ ಎನ್ನುವುದೇ ಸಿಗಲಿಲ್ಲ. ಗೆಳೆಯ ಹೇಳಿದ ‘ಕ್ಯಾಲೆಂಡರ್ ಇಂಪೋರ್ಟ್-ಎಕ್ಸ್‌ಪೋರ್ಟ್’ ಎಂಬ ಉಚಿತ ಆ್ಯಪನ್ನು ಎಫ್-ಡ್ರಾಯ್ಡ್‌ನಿಂದ ಹಾಕಿಕೊಂಡೆ. ಎಲ್ಲ ಮೌಸಿನಲ್ಲೇ. ಪಾಸ್‌ವರ್ಡ್ ಟೈಪ್ ಮಾಡಲು ಒಂದೊಂದೇ ಅಕ್ಷರ ಕ್ಲಿಕ್ ಮಾಡುತ್ತ ಕುಳಿತಾಗ ತಾಳ್ಮೆ ಎಷ್ಟು ಉಂಟು ಎಂದು ಗೊತ್ತಾಗುತ್ತದೆ. ಇನ್ನೊಂದು ತೊಂದರೆ, ಒಟಿಜಿ ಸಿಕ್ಕಿಸಿದಾಗ ಚಾರ್ಜ್ ಮಾಡಲು ಆಗುವುದಿಲ್ಲ, ಒಂದೇ ತೂತು. ಬ್ಯಾಟರಿ ಪೂರ್ತಿ ತುಂಬಿಸಿಯೇ ಕೂರಿ. ಕೊನೆಗೆ ‘.ಐಸಿಎಸ್’ ಎಂದು ಮುಗಿಯುವ ಒಂದು ಫೈಲ್ ಬಂತು. ಅದನ್ನು ನನಗೇ ಮೇಲ್ ಮಾಡಿಕೊಂಡೆ.

ಈ ಐಸಿಎಸ್ ಫೈಲ್ ಬಗ್ಗೆ ಎರಡು ಮಾತು. ಇದು ಐಕ್ಯಾಲೆಂಡರ್ ಎನ್ನುವ ಮಾದರಿ, 1998ರಿಂದ ಇದೆ. ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಮೂವರಿಗೂ ಓದಲು ಬರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಬರೀ ಅಕ್ಷರ, ಅಂಕಿ. ನಾನು ಕುತೂಹಲಕ್ಕೆ ತೆರೆದೆ. ಸಂಜೆ 6 ಗಂಟೆಯ ತಾಳಮದ್ದಳೆಗೆ ದಿನಾಂಕದ ಮುಂದೆ 123000 ಎಂದು, ಕೊನೆಗೆ ‘ಝಡ್’ ಎಂದು ಇತ್ತು. ಹನ್ನೆರಡೂವರೆ ಯಾಕೆ ಎಂದು ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಆ ಝಡ್ ಇದ್ದರೆ ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಲೆಕ್ಕದ ಸಮಯ. ನಮ್ಮ ಐದೂವರೆ ಗಂಟೆ ಕೂಡಿಸಿದರೆ ಸರಿಯಾಗಿ ಆರು. ಕ್ಯಾಲೆಂಡರ್ ಅದನ್ನು ತಾನೇ ಕೂಡಿಸಿಕೊಳ್ಳುತ್ತದೆ. ನೀವು ನೋಟ್‌ಪ್ಯಾಡಿನಲ್ಲಿ ತಿದ್ದಲು ಹೋಗಬೇಡಿ.

ಫೈಲನ್ನು ಗೂಗಲ್ಲಿಗೆ ಸೇರಿಸಲು ಫೋನಿನ ಆ್ಯಪಿನಲ್ಲಿ ಹುಡುಕಿ ಸಾಕಾಯಿತು. ಅಲ್ಲಿ ಇಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಕ್ಯಾಲೆಂಡರ್ ತೆರೆದು, ಸೆಟ್ಟಿಂಗ್ಸ್ ಒಳಗೆ ‘ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್’ಗೆ ಹೋಗಬೇಕು. ನೇರವಾಗಿ ಮುಖ್ಯ ಕ್ಯಾಲೆಂಡರಿಗೆ ತುಂಬಿಸಬೇಡಿ. ಮೊದಲು ‘ಪ್ರಯೋಗ’ ಎಂದೋ ಏನೋ ಹೆಸರಿಟ್ಟು ಹೊಸ ಕ್ಯಾಲೆಂಡರ್ ಒಂದನ್ನು ಮಾಡಿ, ಅದಕ್ಕೆ ಇಂಪೋರ್ಟ್ ಮಾಡಿ. ಎಲ್ಲ ಸರಿ ಉಂಟಾ ನೋಡಿ. ಕೆಟ್ಟಿದ್ದರೆ ಆ ಕ್ಯಾಲೆಂಡರನ್ನೇ ಪೂರ್ತಿ ಅಳಿಸಿದರಾಯಿತು. ಮುಖ್ಯ ಕ್ಯಾಲೆಂಡರಿನಲ್ಲಿ ಎರಡೆರಡು ಸಲ ಬಂದ ನೂರಾರು ನಮೂದುಗಳನ್ನು ಒಂದೊಂದಾಗಿ ಅಳಿಸುವ ಪಾಡು ಯಾರಿಗೂ ಬೇಡ. ಹಾಗೆ ಒಂದೆರಡು ಅಳಿಸಿಯೇ ಬಿಟ್ಟರೆ ಗಾಬರಿ ಬೇಡ, ಬ್ರೌಸರಿನಲ್ಲಿ ಕಸದ ಬುಟ್ಟಿ ಇದೆ, 30 ದಿನ ಸಿಗುತ್ತವೆ.

ಹಳೆ ಫೋನಿನದ್ದು ಸಲೀಸಾಗಿ ಬಂತು. ಕಾಡಿದ್ದು ತಾಳಮದ್ದಳೆಯ ಪಟ್ಟಿ. ಹಳೆ ಫೋನಿನಲ್ಲಿ ಇದ್ದದ್ದು ಜೂನ್ ತನಕದ್ದು ಮಾತ್ರ. ಉಳಿದದ್ದನ್ನು ಸಂಘದ ಕಾರ್ಯದರ್ಶಿಗಳು ಎಕ್ಸೆಲ್‌ನಲ್ಲಿ ಮಾಡಿ ಕಳಿಸಿದ್ದರು. ಗೂಗಲ್ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಪಟ್ಟಿ) ಫೈಲನ್ನೂ ತೆಗೆದುಕೊಳ್ಳುತ್ತದೆ ಎಂದು ಓದಿ, ಸಿಎಸ್‌ವಿ ಆಗಿ ಸೇವ್ ಮಾಡಿ ಹಾಕಿದೆ. ಪ್ರಸಂಗದ ಹೆಸರು, ಸ್ಥಳ ಎಲ್ಲ ಬರೀ ಪ್ರಶ್ನೆ ಚಿಹ್ನೆಗಳು! ಎಕ್ಸೆಲ್‌ನ ಮಾಮೂಲಿ ಸಿಎಸ್‌ವಿಗೆ ಕನ್ನಡ ಗೊತ್ತಿಲ್ಲ. ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಬೇರೆ ಆಯ್ಕೆ ಉಂಟು, ಅದನ್ನೇ ಒತ್ತಬೇಕು. ಒಮ್ಮೆ ಪ್ರಶ್ನೆ ಚಿಹ್ನೆಯಾದ ಫೈಲ್ ಮತ್ತೆ ಕನ್ನಡವಾಗುವುದಿಲ್ಲ, ಮೂಲ ಎಕ್ಸೆಲ್ ಫೈಲ್ ಇಟ್ಟುಕೊಂಡಿರಿ. ಮೊದಲ ಸಾಲಿನ ತಲೆಬರಹಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ‘ಸಬ್ಜೆಕ್ಟ್’, ‘ಸ್ಟಾರ್ಟ್ ಡೇಟ್’ ಎರಡು ಕಡ್ಡಾಯ. ಗಂಟೆ, ಸ್ಥಳ ನಿಮ್ಮ ಇಷ್ಟ.

ಕನ್ನಡ ಬಂತು ಎಂದು ಖುಷಿಪಡುವಷ್ಟರಲ್ಲಿ ಆಗಸ್ಟ್ 2ರ ಕಾರ್ಯಕ್ರಮ ಫೆಬ್ರವರಿ 8ಕ್ಕೆ ಹೋಗಿ ಕುಳಿತಿತ್ತು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಗೂಗಲ್ ಕೊಡುವ ಮಾದರಿಯಲ್ಲಿ ತಿಂಗಳು ಮೊದಲು. ನನ್ನ ಖಾತೆಯ ಭಾಷೆಯೂ ಅಮೆರಿಕದ ಇಂಗ್ಲಿಷ್ ಆಗಿತ್ತು. ಎಕ್ಸೆಲ್‌ನಲ್ಲಿ ಆ ಕಂಬಸಾಲಿನ ದಿನಾಂಕದ ರೂಪ ಬದಲಿಸಿ ಮತ್ತೆ ಹಾಕಿದೆ. ಹಳೆ ‘ಪ್ರಯೋಗ’ ಅಳಿಸಿ ಹೊಸ ‘ಪ್ರಯೋಗ’. ಇದಕ್ಕೇ ಹೇಳಿದ್ದು, ಮುಖ್ಯ ಕ್ಯಾಲೆಂಡರ್ ಮುಟ್ಟಬೇಡಿ ಎಂದು. ಐಸಿಎಸ್ ಫೈಲಿನಲ್ಲಿ ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಿಎಸ್‌ವಿಯಲ್ಲಿ ಅದಿಲ್ಲ, ಎರಡು ಸಲ ಹಾಕಿದರೆ ಎರಡೆರಡು ಬರುವುದೇ.

ಎಲ್ಲ ಸರಿಯಾದ ಮೇಲೆ ಮೂರು ಕ್ಯಾಲೆಂಡರ್ ಮಾಡಿಕೊಂಡೆ: ‘ಮನೆ’, ‘ಗಡುವು’, ‘ಮದ್ದಳೆ’. ಒಂದೇ ಖಾತೆಯೊಳಗೆ ಮೂರು ಬಣ್ಣ. ಹೀಗೆ ಬೇರೆ ಮಾಡಿದರೆ ಹೆಂಡತಿಗೆ ‘ಮನೆ’ ಮಾತ್ರ ಹಂಚಬಹುದು, ನನ್ನ ಜಿಎಸ್‌ಟಿ ತಾರೀಕುಗಳು ಅವಳಿಗೆ ಯಾಕೆ?

ಹೊಸ ಫೋನಿನಲ್ಲಿ ಇವು ಕೂಡಲೇ ಕಾಣಲಿಲ್ಲ. ನೋಡಬೇಕಾದದ್ದು ಮೂರು ಕಡೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯ ಒಳಗೆ ‘ಕ್ಯಾಲೆಂಡರ್’ ಸಿಂಕ್ ಆನ್ ಇರಬೇಕು. ಗೂಗಲ್ ಕ್ಯಾಲೆಂಡರ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಕ್ಯಾಲೆಂಡರಿಗೂ ಬೇರೆ ಸಿಂಕ್ ಗುಂಡಿ ಇದೆ, ಹೊಸದಾಗಿ ಮಾಡಿದವು ಅಲ್ಲಿ ಆಫ್ ಇದ್ದಿರಬಹುದು. ಆಮೇಲೆ ಬ್ಯಾಟರಿ ಉಳಿಸುವ ವ್ಯವಸ್ಥೆ. ಅದು ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಟ್ಟರೆ ನೀವು ತೆರೆಯುವವರೆಗೆ ಹೊಸತು ಬರುವುದಿಲ್ಲ. ಇಷ್ಟು ಸರಿ ಮಾಡಿದೆ. ಆಗ ಪ್ರತಿ ನೆನಪೂ ಎರಡು ಸಲ ಟಿಂಗ್ ಎನ್ನತೊಡಗಿತು. ಫೋನಿನ ಕಂಪನಿಯ ಆ್ಯಪ್, ಗೂಗಲ್ ಆ್ಯಪ್ ಎರಡೂ ಅದೇ ನಮೂದನ್ನು ಓದಿ ಕೂಗುತ್ತವೆ. ಒಂದರ ನೋಟಿಫಿಕೇಶನ್ ಆಫ್ ಮಾಡಿ. ಎಸ್‌ಎಂಎಸ್‌ನಲ್ಲಿ ನೆನಪು ಬರುತ್ತಿತ್ತಲ್ಲ ಎಂದು ಕೆಲವರು ಕೇಳಿದರು. ಅದು ನಮ್ಮಂಥವರಿಗೆ 2015ರ ಜೂನ್‌ನಲ್ಲೇ ನಿಂತಿದೆ.

ಐಫೋನಿನ ಸರದಿ. ಹೆಂಡತಿ ಬರೆದದ್ದೆಲ್ಲ ಐಕ್ಲೌಡಿಗೆ ಹೋಗುತ್ತಿತ್ತು. ಮೊದಲು ನಾನು ಬ್ರೌಸರಿನಿಂದ ‘ಮನೆ’ ಕ್ಯಾಲೆಂಡರನ್ನು ಅವಳ ಜಿಮೇಲಿಗೆ ಹಂಚಿದೆ. ಹಂಚುವಾಗ ಎಷ್ಟು ಅಧಿಕಾರ ಎಂದು ಕೇಳುತ್ತದೆ, ಬದಲಾವಣೆ ಮಾಡುವ ಅಧಿಕಾರವನ್ನೇ ಕೊಡಿ. ಬರೀ ನೋಡುವುದಕ್ಕೆ ಕೊಟ್ಟರೆ “ನಾನು ಬರೆದದ್ದು ಯಾಕೆ ಹೋಗುವುದಿಲ್ಲ” ಎಂಬ ಪ್ರಶ್ನೆ ಬರುತ್ತದೆ. ಅವಳ ಮೇಲಿಗೆ ಬಂದ ಲಿಂಕ್ ಒತ್ತಿ ಒಪ್ಪಿಕೊಳ್ಳಬೇಕು. ಆಮೇಲೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಅಕೌಂಟ್ಸ್‌ಗೆ ಹೋಗಿ ಅವಳ ಗೂಗಲ್ ಖಾತೆ ಸೇರಿಸಿದೆವು. ಐಒಎಸ್ 18ರಿಂದ ಇದು ‘ಆ್ಯಪ್ಸ್’ ಎಂಬುದರ ಒಳಗೆ ಹೋಗಿದೆ, ಹಳೆ ವಿಡಿಯೊಗಳಲ್ಲಿ ತೋರಿಸುವ ಜಾಗದಲ್ಲಿ ಸಿಗುವುದಿಲ್ಲ.

ಅವಳ ಸ್ವಂತ ಗೂಗಲ್ ಕ್ಯಾಲೆಂಡರ್ ಬಂತು. ನಾನು ಹಂಚಿದ್ದು ಬರಲಿಲ್ಲ. ಇಲ್ಲಿ ಎರಡು ಸಂಜೆ ಹೋಯಿತು. ಆ್ಯಪಲ್ ಕ್ಯಾಲೆಂಡರಿಗೆ ಯಾವ ಯಾವ ಗೂಗಲ್ ಕ್ಯಾಲೆಂಡರ್ ಕಳಿಸಬೇಕು ಎಂದು ಆರಿಸುವ ಪುಟವೊಂದು ಗೂಗಲ್ಲಿನಲ್ಲಿದೆ, ಹೆಸರು ‘ಸಿಂಕ್ ಸೆಲೆಕ್ಟ್’. ಮೆನುವಿನಲ್ಲಿ ಹುಡುಕುವುದಕ್ಕಿಂತ ಆ ಹೆಸರು ಹಾಕಿ ಹುಡುಕಿ, ಅವಳ ಖಾತೆಯಲ್ಲಿ ಲಾಗಿನ್ ಆಗಿ, ‘ಮನೆ’ಗೆ ಟಿಕ್ ಹಾಕಿ ಸೇವ್ ಮಾಡಿದ ಮೇಲೆ ಬಂತು. ಕೊನೆಯ ಕೆಲಸ, ‘ಡಿಫಾಲ್ಟ್ ಕ್ಯಾಲೆಂಡರ್’ ಬದಲಿಸುವುದು. ಅದು ಐಕ್ಲೌಡ್ ಎಂದೇ ಉಳಿದರೆ ಅವಳು ಹೊಸದಾಗಿ ಬರೆದದ್ದೆಲ್ಲ ಮತ್ತೆ ಅಲ್ಲಿಗೇ ಹೋಗುತ್ತದೆ. “ಇಷ್ಟು ಮಾಡುವುದಕ್ಕಿಂತ ನನಗೊಂದು ಫೋನ್ ಮಾಡಿ ಹೇಳಿದ್ರೆ ಆಗ್ತಿರಲಿಲ್ವಾ?” ಎಂದು ಅವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೆಯ ನಮೂದುಗಳು ಐಫೋನಿನಲ್ಲಿ ಕಾಣದಿದ್ದರೆ ಹೆದರಬೇಡಿ. ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್’ ಎಂಬಲ್ಲಿ ಎಷ್ಟು ಹಿಂದಿನದು ಬೇಕು ಎಂದು ಆರಿಸಬಹುದು. ‘ಆಲ್ ಈವೆಂಟ್ಸ್’ ಹಾಕಿದರೆ ಎಲ್ಲ ಬರುತ್ತದೆ.

ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಬರುತ್ತಿದ್ದ ಕ್ಯಾಲೆಂಡರ್ ಆ್ಯಪನ್ನೇ ನೋಡುತ್ತಿದ್ದೆ. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿದೆ. ಅದರ ಬದಲು ಹೊಸ ಔಟ್‌ಲುಕ್‌ಗೆ ಬನ್ನಿ ಎನ್ನುತ್ತದೆ. ನಾನು ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್ ಹಾಕಿಕೊಂಡೆ. ಉಚಿತ. 2020ರ 78ನೇ ಆವೃತ್ತಿಯಿಂದ ಕ್ಯಾಲೆಂಡರ್ ಅದರೊಳಗೇ ಇದೆ. ಹೊಸ ಕ್ಯಾಲೆಂಡರ್ ಎಂದು ಒತ್ತಿ, ‘ನೆಟ್‌ವರ್ಕ್ ಮೇಲೆ’ ಎಂಬುದನ್ನು ಆರಿಸಿ, ಜಿಮೇಲ್ ವಿಳಾಸ ಕೊಟ್ಟರೆ ಗೂಗಲ್ಲಿನ ಲಾಗಿನ್ ಪುಟ ಬರುತ್ತದೆ. ಅನುಮತಿ ಕೊಟ್ಟ ಮೇಲೆ ಮೂರು ಕ್ಯಾಲೆಂಡರೂ ಪಟ್ಟಿಯಲ್ಲಿ ಬಂದವು. ಇಡೀ ಕಥೆಯಲ್ಲಿ ತೊಂದರೆ ಕೊಡದೆ ಮುಗಿದದ್ದು ಇದೊಂದೇ. ಬರೀ ಪಾಸ್‌ವರ್ಡ್ ಕೇಳುವ ಹಳೆಯ ಸಾಫ್ಟ್‌ವೇರ್ ಇದ್ದರೆ ಬಿಟ್ಟುಬಿಡಿ. 2022ರ ಮೇ 30ರಿಂದ ಗೂಗಲ್ ಅಂಥ ಲಾಗಿನ್ ಒಪ್ಪುವುದಿಲ್ಲ.

ಆಫೀಸಿನದ್ದು ಬೇರೆಯೇ ರಾಮಾಯಣ. ಅಲ್ಲಿನ ಔಟ್‌ಲುಕ್ ಹಳೆಯ ರೀತಿಯದು, ಗೂಗಲ್ ಕ್ಯಾಲೆಂಡರ್ ಜೊತೆ ಎರಡೂ ಕಡೆಯಿಂದ ಮಾತಾಡಲು ಅದಕ್ಕೆ ಬರುವುದಿಲ್ಲ. ಬೇರೆಯವರು ಮಾಡಿದ ಉಚಿತ ಪ್ಲಗಿನ್ ಇದೆ, ಆದರೆ ಆಫೀಸಿನ ಕಂಪ್ಯೂಟರಿಗೆ ನಾವು ಏನನ್ನೂ ಹಾಕುವ ಹಾಗಿಲ್ಲ. ಐಟಿ ನೋಡಿಕೊಳ್ಳುವವರನ್ನು ಕೇಳಿದೆ. “ಕ್ಲೈಂಟ್‌ಗಳ ಅಪಾಯಿಂಟ್‌ಮೆಂಟ್ ಹೊರಗೆ ಹೋಗುವ ಹಾಗಿಲ್ಲ ಮಾರಾಯ್ರೆ. ನಿಮ್ಮ ಮನೆಯದ್ದು ಇಲ್ಲಿ ನೋಡುವುದಾದರೆ ನೋಡಿ” ಎಂದರು. ನ್ಯಾಯವೇ. ಗೂಗಲ್ಲಿನಲ್ಲಿ ಪ್ರತಿ ಕ್ಯಾಲೆಂಡರಿನ ಸೆಟ್ಟಿಂಗ್ಸ್ ಕೊನೆಗೆ ‘ಸೀಕ್ರೆಟ್ ಅಡ್ರೆಸ್ ಇನ್ ಐಕ್ಯಾಲ್ ಫಾರ್ಮ್ಯಾಟ್’ ಎಂಬ ಉದ್ದದ ವಿಳಾಸ ಇರುತ್ತದೆ. ಅದನ್ನು ಔಟ್‌ಲುಕ್‌ನಲ್ಲಿ ‘ಇಂಟರ್‌ನೆಟ್‌ನಿಂದ’ ಎಂದು ಸೇರಿಸಿದೆ. ನನ್ನ ‘ಮನೆ’, ‘ಮದ್ದಳೆ’ ಎರಡೂ ಅಲ್ಲಿ ಕಂಡವು.

ಇದರಲ್ಲಿ ಎರಡು ವಿಷಯ ಗೊತ್ತಿರಲಿ. ಇದು ಒಂದು ಕಡೆಯಿಂದ ಮಾತ್ರ, ನೋಡಬಹುದು, ಬರೆಯಲಾಗದು. ಬದಲಾವಣೆಯೂ ಕೂಡಲೇ ಬರುವುದಿಲ್ಲ. ಇದೇ ಥರ ವಿಳಾಸ ಕೊಟ್ಟು ಬೇರೆ ಕ್ಯಾಲೆಂಡರನ್ನು ಗೂಗಲ್ಲಿಗೆ ಸೇರಿಸಿದರೆ 12 ಗಂಟೆವರೆಗೂ ತಡವಾಗಬಹುದು ಎಂದು ಗೂಗಲ್ಲೇ ಹೇಳುತ್ತದೆ. ಬೆಳಿಗ್ಗೆ ಬದಲಾದದ್ದನ್ನು ಮಧ್ಯಾಹ್ನ ನೋಡುವ ಕೆಲಸಕ್ಕೆ ಇದನ್ನು ನಂಬಬೇಡಿ. ಮತ್ತೆ, ಆ ವಿಳಾಸ ಸಿಕ್ಕಿದ ಯಾರಿಗೂ ಪಾಸ್‌ವರ್ಡ್ ಇಲ್ಲದೆ ನಿಮ್ಮ ಕ್ಯಾಲೆಂಡರ್ ಕಾಣುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹೊರಗೆ ಹೋಯಿತು ಎಂದು ಅನುಮಾನ ಬಂದರೆ ಅಲ್ಲೇ ‘ರೀಸೆಟ್’ ಉಂಟು, ಹಳೆ ವಿಳಾಸ ಸತ್ತುಹೋಗುತ್ತದೆ.

ಆಫೀಸಿನ ಗಡುವುಗಳನ್ನು ನಾನೇ ‘ಗಡುವು’ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳು ಮರುಕಳಿಸುವ ಹಾಗೆ ಬರೆದುಕೊಂಡೆ. ಕ್ಲೈಂಟ್ ಹೆಸರು ಒಂದೂ ಹಾಕಿಲ್ಲ. ಮರುಕಳಿಸುವ ನಮೂದು ತಿದ್ದುವಾಗ ‘ಇದೊಂದೇ’, ‘ಇದು ಮತ್ತು ಮುಂದಿನವು’, ‘ಎಲ್ಲವೂ’ ಎಂದು ಕೇಳುತ್ತದೆ. ಓದಿ ಒತ್ತಿ. ಟಿಡಿಎಸ್ 7ಕ್ಕೆ ಎಂದರೂ ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30. ಆದಾಯ ತೆರಿಗೆ ರಿಟರ್ನ್ ಜುಲೈ 31 ಎಂದು ಇದ್ದದ್ದನ್ನು 2025ರಲ್ಲಿ ಸೆಪ್ಟೆಂಬರ್ 15ಕ್ಕೆ ಮುಂದೂಡಿದರು, ಕೊನೆಗೆ 16 ಆಯಿತು. ಇಂಥದ್ದಕ್ಕೆಲ್ಲ ‘ಇದೊಂದೇ’.

ಇನ್ನು ನಮ್ಮ ಊರಿನ ತಾರೀಕುಗಳು. ಪರ್ಯಾಯ (ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವುದು) ಸುಲಭ, ಎರಡು ವರ್ಷಕ್ಕೊಮ್ಮೆ ಜನವರಿ 18. ‘ಕಸ್ಟಮ್’ ಒತ್ತಿ ಎರಡು ವರ್ಷಕ್ಕೊಮ್ಮೆ ಎಂದು ಹಾಕಿದರೆ ಮುಗಿಯಿತು. ಆ ರಾತ್ರಿ ಕಲ್ಸಂಕದ ಕಡೆ ಗಾಡಿ ಹಾಕುವ ಯೋಚನೆ ಬೇಡ ಎಂದು ನೆನಪಿಗೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಸೌರ ಲೆಕ್ಕ. ಮೇ 24 ಅಥವಾ 25ರ ಸುಮಾರಿಗೇ ಬರುತ್ತದೆ, ಒಂದು ದಿನ ಆಚೀಚೆ. ಆದರೆ ಅಪ್ಪನ ಶ್ರಾದ್ಧ ತಿಥಿಯ ಮೇಲೆ. ವರ್ಷಕ್ಕೊಮ್ಮೆ ಮರುಕಳಿಸು ಎಂದರೆ ಅದು ತಾರೀಕನ್ನು ಹಿಡಿದುಕೊಳ್ಳುತ್ತದೆ, ತಿಥಿಯನ್ನಲ್ಲ. ಅಷ್ಟಮಿ, ಚೌತಿ ಎಲ್ಲ ಹಾಗೇ. ಅದರಲ್ಲೂ ಉಡುಪಿ ಮಠದಲ್ಲಿ ಸೌರಮಾನದ ಲೆಕ್ಕ. ಕೆಲವು ವರ್ಷ ದೇಶದ ರಜೆ ಪಟ್ಟಿಯಲ್ಲಿರುವ ಅಷ್ಟಮಿಗೂ ಇಲ್ಲಿನ ಅಷ್ಟಮಿಯ ಮರುದಿನದ ನಮ್ಮ ವಿಟ್ಲಪಿಂಡಿಗೂ ಒಂದು ತಿಂಗಳ ಅಂತರ ಇರುತ್ತದೆ. ಗೂಗಲ್ಲಿನ ರಜೆ ಕ್ಯಾಲೆಂಡರ್ ನಂಬಿ ನೆಂಟರನ್ನು ಕರೆಯಬೇಡಿ. ಯುಗಾದಿ ಹೊತ್ತಿಗೆ ಪಂಚಾಂಗ ಹಿಡಿದು ಕುಳಿತು ಇಡೀ ವರ್ಷದ್ದನ್ನು ಕೈಯಲ್ಲೇ ಬರೆಯುವುದು, ಬೇರೆ ದಾರಿ ನನಗೆ ಕಂಡಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ದುಬೈಯಿಂದ ತಮ್ಮ. ಅಮ್ಮನ ಮಣಿಪಾಲದ ಅಪಾಯಿಂಟ್‌ಮೆಂಟ್‌ಗಳನ್ನು ಆನ್‌ಲೈನಿನಲ್ಲಿ ಮಾಡುವವನು ಅವನೇ. ಅವನಿಗೂ ‘ಮನೆ’ ಹಂಚಿದೆ. ಅವನು 10 ಗಂಟೆ ಎಂದು ಬರೆದ. ನನ್ನ ಫೋನಿನಲ್ಲಿ 11:30 ಬಂತು. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಹತ್ತು ಎಂದೇ ಬರೆದಿಟ್ಟಿದ್ದಳು. “ನಿಮ್ಮ ಮೊಬೈಲಿಗೆ ಗಂಟೆ ಗೊತ್ತಿಲ್ವಾ ಮಗಾ?” ಎಂದು ಕೇಳಿದಳು. ಗೊತ್ತಿತ್ತು. ಅವನ ಫೋನ್ ದುಬೈಯ ಹತ್ತು ಗಂಟೆ ಎಂದು ತಿಳಿಯಿತು, ನಮ್ಮದು ಅದಕ್ಕೆ ಒಂದೂವರೆ ಗಂಟೆ ಸೇರಿಸಿತು. ನಮೂದು ಮಾಡುವಾಗ ಗಂಟೆಯ ಕೆಳಗೇ ಟೈಮ್ ಝೋನ್ ಇರುತ್ತದೆ, ಅದನ್ನು ಭಾರತ ಎಂದು ಬದಲಿಸಬೇಕು. ಕುವೈತ್, ಕತಾರ್, ಸೌದಿಯಲ್ಲಿ ಯಾರಾದರೂ ಇದ್ದರೆ ವ್ಯತ್ಯಾಸ ಎರಡೂವರೆ ಗಂಟೆ. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮ ಕಡೆ ಕಡಿಮೆ, ಹಾಗಾಗಿ ಇದನ್ನು ಹೇಳಿದೆ.

ಖರ್ಚು ಕೇಳುವವರಿಗೆ: ಹೊಸ ಫೋನ್ ಬಿಟ್ಟರೆ, ಒಟಿಜಿ ಕೇಬಲ್ ಮತ್ತು ಅಂಗಡಿಯವನಿಗೆ ಡೇಟಾ ದಾಟಿಸಿದ್ದಕ್ಕೆ ಕೊಟ್ಟ 300 ರೂಪಾಯಿ. ಉಳಿದದ್ದೆಲ್ಲ ಉಚಿತ, ಹೋದದ್ದು ಸಮಯ. ಹಳೆ ಫೋನನ್ನು ಎಲ್ಲ ಕಡೆ ನಮೂದುಗಳು ಬಂದದ್ದು ನೋಡುವವರೆಗೆ ಯಾರಿಗೂ ಕೊಡಬೇಡಿ. ಕೊಡುವಾಗ ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ. ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಮುಂದಿನವರಿಗೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳುತ್ತ ಲಾಕ್ ಆಗಿ ಕೂರುತ್ತದೆ.

ಈಗ ತಿಂಗಳಿಗೊಮ್ಮೆ ಬ್ರೌಸರಿನಿಂದ ಎಕ್ಸ್‌ಪೋರ್ಟ್ ಒತ್ತಿ, ಬರುವ ಝಿಪ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಡುತ್ತೇನೆ. ಅದರಲ್ಲಿ ಕ್ಯಾಲೆಂಡರಿಗೊಂದು ಐಸಿಎಸ್ ಇರುತ್ತದೆ. ಹಂಚಿಕೊಂಡ ಕ್ಯಾಲೆಂಡರ್ ಇನ್ನೊಬ್ಬರ ಝಿಪ್‌ನಲ್ಲಿ ಬರಬೇಕಾದರೆ ಅವರಿಗೆ ಬದಲಾವಣೆಯ ಜೊತೆ ಹಂಚುವ ಅಧಿಕಾರವನ್ನೂ ಕೊಟ್ಟಿರಬೇಕು. ‘ಮನೆ’ಗೆ ಹೆಂಡತಿಗೆ ಅದನ್ನು ಕೊಟ್ಟಿದ್ದೇನೆ. ತಮ್ಮನಿಗೆ ಕೊಟ್ಟಿಲ್ಲ, ಅವನು ಇನ್ನೂ ಟೈಮ್ ಝೋನ್ ಬದಲಿಸಲು ಮರೆಯುತ್ತಾನೆ.